ಕೂತವರ ಕಣ್ಣಿಗೂ ಕಡಲು ಕಾಣಲಿ

ಬೆಳಗಿನ ಐದೂಮುಕ್ಕಾಲು. ಬೆಟ್ಟದ ರಸ್ತೆಯ ಏಳನೇ ತಿರುವಿನಲ್ಲಿ ಒಬ್ಬ ಹೆಂಗಸು ಸ್ಕೂಟರಿಗೆ ಕಟ್ಟಿ ತಂದ ಪ್ಲಾಸ್ಟಿಕ್ ಕುರ್ಚಿಯನ್ನು ಬಿಚ್ಚಿ, ಅಂಚಿನಲ್ಲಿ ಹಾಕಿಕೊಂಡು ಕೂರುತ್ತಾರೆ. ಹಾಲಿನ ವ್ಯಾನಿನವನು ಹಾರ್ನ್ ಹೊಡೆದು ಕೇಳುತ್ತಾನೆ, "ಏನ್ ಕುರ್ಚಿ ಮೇಡಂ, ಇವತ್ತಾದ್ರೂ ಸಮುದ್ರ ಬಂತಾ?"

"ಬರುತ್ತಪ್ಪ, ಮಂಜು ದಾರಿ ಬಿಡ್ಬೇಕಲ್ಲ," ಎನ್ನುತ್ತಾರೆ ಇವರು, ಕಣ್ಣು ಕದಲಿಸದೆ.

ರಸ್ತೆ ಕಚೇರಿಯಲ್ಲಿ ಇವರು ನಕ್ಷೆ ಸಹಾಯಕಿ. ಹತ್ತೊಂಬತ್ತು ವರ್ಷದ ನೌಕರಿ. ಬೆಟ್ಟದ ಏರಿಳಿತವನ್ನು ಚೌಕ ಚೌಕವಾಗಿ ಕಂಪ್ಯೂಟರಿಗೆ ಉಣಿಸಿ, ಎಲ್ಲಿ ನಿಂತರೆ ಏನು ಕಾಣುತ್ತದೆಂದು ಲೆಕ್ಕ ಹಾಕಿಸುವುದು ಕೆಲಸ. ಕಾಣುವ ಚೌಕ ಹಸಿರು, ಕಾಣದ್ದು ಬೂದು. ದಿನಕ್ಕೆ ಮೂವತ್ತು ನಲವತ್ತು ಜಾಗಗಳ ಪರೀಕ್ಷೆ. ಹಸಿರು ಹೆಚ್ಚಿರುವಲ್ಲಿ ವೀಕ್ಷಣಾ ಕಟ್ಟೆ ಏಳುತ್ತದೆ, ಅದರ ಕಲ್ಲಿನ ಮೇಲೆ ಉದ್ಘಾಟಿಸಿದವರ ಹೆಸರು ಕೂರುತ್ತದೆ. ಇವರ ಹೆಸರು ದುರ್ಬೀನು ಹಾಕಿ ಹುಡುಕಿದರೂ ಸಿಗದು.

"ನಮ್ಮ ಕಂಪ್ಯೂಟರಿಗೆ ಮಣ್ಣು ಮಾತ್ರ ಗೊತ್ತು, ಮರ ಗೊತ್ತಿಲ್ಲ. ಅದಕ್ಕೇ ಬಂದು ಕಣ್ಣಾರೆ ನೋಡ್ಬೇಕು," ಎನ್ನುತ್ತಾರೆ, ಇವರ ಬಗ್ಗೆ ಬರೆಯಲು ಜೊತೆಗೆ ಬಂದ ನನಗೆ.

ಸರಿ, ಕುರ್ಚಿ ಯಾಕೆ? ಅದರ ಹಿಂದೆ ಇವರ ಅಮ್ಮ ಇದ್ದಾರೆ. ಅಮ್ಮ ದೀಪಸ್ತಂಭ ಕಾಯುವವರ ಮಗಳು. ಅವರ ತವರೆಂದರೆ ಕಡಲ ನಡುವಿನ ದ್ವೀಪದಲ್ಲಿ, ಆ ಸ್ತಂಭದ ಬುಡದ ಎರಡು ಕೋಣೆ. ಸೊಂಟ ಮುರಿದು ಗಾಲಿಕುರ್ಚಿ ಹಿಡಿದ ಮೇಲೆ ದೋಣಿ ಹತ್ತುವಂತಿಲ್ಲ. "ದೂರದಿಂದಾದ್ರೂ ಒಂದ್ಸಲ ತೋರ್ಸೇ," ಎಂಬುದೊಂದೇ ಅವರ ಹಠ.

ಆರು ವರ್ಷದ ಹಿಂದೆ ಮಗಳು ನಾಲ್ಕನೇ ತಿರುವಿನಲ್ಲಿ ಅಂಥ ಜಾಗ ಹುಡುಕಿದರು. ಆದರೆ ಕಣ್ಣಿನ ಎತ್ತರ ಬರೆಯುವ ಕಡೆ ಎಂದಿನ ಅಭ್ಯಾಸದಂತೆ ನಿಂತವರ ಐದೂಕಾಲು ಅಡಿ ಹಾಕಿಬಿಟ್ಟರು. ಆ ಲೆಕ್ಕ ನಂಬಿ ಅಂಚಿಗೆ ನಾಲ್ಕಡಿ ಗೋಡೆ ಎದ್ದಿತು. ಉದ್ಘಾಟನೆಯ ದಿನ ಊರಿಗೆಲ್ಲ ದೀಪಸ್ತಂಭ ಕಂಡಿತು, ಗಾಲಿಕುರ್ಚಿಯ ಅಮ್ಮನಿಗೆ ಸಿಮೆಂಟು.

"ಅಮ್ಮ ಬೈದಿದ್ರೆ ಪರವಾಗಿರ್ಲಿಲ್ಲ. 'ಗೋಡೆ ಚೆನ್ನಾಗಿ ಕಟ್ಟಿದಾರೆ ಕಣೇ' ಅಂದ್ಬಿಟ್ರು."

ಅಂದಿನಿಂದ ಪ್ರತಿ ಜಾಗಕ್ಕೂ ಎರಡು ಲೆಕ್ಕ, ಒಂದು ನಿಂತವರದು, ಇನ್ನೊಂದು ಕೂತವರ ಮೂರೂಮುಕ್ಕಾಲು ಅಡಿಯದು. ಈ ಏಳನೇ ತಿರುವು ಎರಡರಲ್ಲೂ ಹಸಿರು. ಗೋಡೆ ಬೇಡ, ಕಂಬಿ ಸಾಕು ಎಂದು ಬರೆದ ಕಡತವನ್ನು ಮೇಲಧಿಕಾರಿ ಎರಡು ಸಲ ಹಿಂದಕ್ಕೆ ಕಳಿಸಿದರು. "ಕೂತ್ಕೊಂಡು ನೋಡೋಕೆ ಯಾರ್ ಬರ್ತಾರ್ರೀ?" ಹೋದ ತಿಂಗಳು ಅವರನ್ನೇ ಇಲ್ಲಿಗೆ ಕರೆತಂದು, ಇದೇ ಕುರ್ಚಿಯಲ್ಲಿ ಕೂರಿಸಿ, ಎದುರಿಗೆ ನಾಲ್ಕಡಿ ಹಲಗೆ ನಿಲ್ಲಿಸಿ, "ಈಗ ಏನ್ ಕಾಣುತ್ತೆ ಹೇಳಿ ಸಾರ್," ಎಂದರಂತೆ. ಸಾಹೇಬರು ಹಲಗೆಯನ್ನೇ ಎರಡು ನಿಮಿಷ ನೋಡಿ, ಸಹಿ ಹಾಕಿದರು. ಮುಂದಿನ ವಾರ ಕಂಬಿ ಬರುತ್ತದೆ.

ಮಂಜು ಸರಿಯುತ್ತದೆ. ಇವರು ಎದ್ದು ನನ್ನನ್ನು ಕೂರಿಸುತ್ತಾರೆ. ದೂರದಲ್ಲಿ, ಬೆಂಕಿಕಡ್ಡಿಯಷ್ಟು ಬಿಳಿ ದೀಪಸ್ತಂಭ. ಯಾರದೋ ತವರು ಅದು, ಆದರೂ ನಾನು ಕುರ್ಚಿಯ ತುದಿಗೆ ಸರಿದು ಮುಂದೆ ಬಾಗುತ್ತೇನೆ.

"ಅಮ್ಮನಿಗೀಗ ಎಂಬತ್ತೊಂದು. ಅಷ್ಟು ದೂರ ಕಣ್ಣು ಹೋಗುತ್ತೋ ಇಲ್ವೋ," ಎನ್ನುತ್ತಾರೆ ಕುರ್ಚಿ ಮೇಡಂ, ಹಗ್ಗ ಬಿಗಿಯುತ್ತ. "ಕಾಣ್ದೇ ಇದ್ರೂ ಆ ಕಡೆ ಮುಖ ಮಾಡಿ ಕೂರಿಸ್ತೀನಿ. ಮಧ್ಯೆ ನಾನು ಕಟ್ಟಿಸಿದ ಗೋಡೆ ಇರ್ಬಾರ್ದು, ಅಷ್ಟೇ."