ಏಳು ಮನೆಗಳ ರಂಗೋಲಿ

೧೯೫೧, ನವೆಂಬರ್ ೧೯. ತೆಳು ಮಂಜಿನ ಮುಂಜಾನೆ, ಗಾಳಿ ಇರಲಿಲ್ಲ. ಶಹಾಬಾದಿನಲ್ಲಿ ಕಲ್ಲಿನ ಗಣಿಗಳು ಮತ್ತೆ ಶುರುವಾಗಿ, ಬಾಡಿಗೆಗೆ ಒಂದು ಖೋಲಿಯೂ ಸಿಗದ ಕಾಲ. ಮೂರು ದಿನದಿಂದ ವಾಡಿ ಸ್ಟೇಷನ್ನಿನ ಬೆಂಚೇ ಮನೆಯಾಗಿದ್ದ ನಾನು, ಖೋಲಿ ನೋಡುವ ಮೊದಲೇ ಮಾಲೀಕರಿಗೆ ಮುಂಗಡ ಕೊಟ್ಟುಬಿಟ್ಟಿದ್ದೆ.

ಅವರು ನನ್ನನ್ನು ಓಣಿಗೆ ಕರೆದೊಯ್ದರು. ಏಳೂ ಮನೆಗಳ ಹೊಸ್ತಿಲ ಮುಂದೆ ಒಂದೇ ಕೈಯ ರಂಗೋಲಿ. ಮಂಜಿನಲ್ಲಿ ಅವು ನೆಲ ಬಿಟ್ಟು ತೇಲುತ್ತಿರುವಂತೆ ಕಂಡವು.

“ನಮ್ಮ ಓಣಿ ಮುದುಕಿ ಹಾಕ್ತಾಳ್ರಿ,” ಎಂದರು ಮಾಲೀಕರು, ಹೆಮ್ಮೆಯಿಂದ. “ನಿಜಾಮರ ಆಳ್ವಿಕಿ ಮುಗಿಯೋ ಗದ್ದಲದಾಗ ನಾವೆಲ್ಲಾ ಸೊಲ್ಲಾಪುರಕ್ಕ ಓಡಿದ್ವಿ. ಈಕಿ ಒಬ್ಬಾಕಿನೇ ಉಳಿದು, ದಿನಾ ಎಲ್ಲಾ ಬಾಗಿಲಿಗೂ ನೀರು ಹೊಡೆದು ರಂಗೋಲಿ ಹಾಕಿದ್ಳು. ಒಳಗ ಮಂದಿ ಅದಾರಂತ ತಿಳಿದು ಒಬ್ಬ ಕಳ್ಳನೂ ಓಣಿಗೆ ಕಾಲಿಡಲಿಲ್ಲ.”

“ಆಕೆ ಎಲ್ಲಿರ್ತಾರೆ?”

“ನಿಮಗ ಕೊಟ್ಟ ಇದೇ ಖೋಲ್ಯಾಗರಿ. ಇವತ್ತ ಖಾಲಿ ಮಾಡಾಕತ್ತಾಳ.”

ಇಷ್ಟಕ್ಕೆಲ್ಲ ಆಕೆಗೆ ಏನು ಕೊಟ್ಟಿರಿ ಎಂದು ಕೇಳಿದೆ.

“ಹೊಸಾ ಇಳಕಲ್ ಸೀರಿ ಕೊಟ್ಟೀನ್ರಿ. ಬೇಕಾದ್ರ ಆಕಿನ್ನೇ ಕೇಳ್ರಿ.”

ಒಳಗಿನಿಂದ ಮುದುಕಿ ನಕ್ಕಳು. “ಖರೇ ಅದರಿ ಸಾಹೇಬ್ರ. ಭಾಳ ಗಟ್ಟಿ ಸೀರಿ. ಅದರಾಗೇ ಗಂಟು ಕಟ್ಟಾಕತ್ತೀನಿ.”