ಹೆಸರಿಲ್ಲದ ಕಲ್ಲು

ನನ್ನ ಯಜಮಾನರು ಮಹಾರುದ್ರಪ್ಪ ಹುಮನಾಬಾದಿನಲ್ಲಿ ಚಸ್ಮಾ ಅಂಗಡಿ ಇಟ್ಟಿದ್ದರು. ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ನಮಗೊಂದು ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಬೆಳಗ್ಗೆ, ಗುಗ್ಗರಿ ಇನ್ನೂ ಒಲೆಯ ಮೇಲಿರುವಾಗಲೇ, ಅದು ಹೋಯಿತು. ನಾದಿನಿ ಸೂಗಮ್ಮ ಹೆಸರು ಕೂಗಲೆಂದೇ ಬಸವಕಲ್ಯಾಣದಿಂದ ಬಂದಿದ್ದಳು. ಸೋದರತ್ತೆ ಕೂಸಿನ ಕಿವಿಯಲ್ಲಿ ಕೂಗಬೇಕು, ನೆರೆದ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಆಗಲೇ ಅದು ಹೆಸರು. ಮಣ್ಣಿಗಿಡುವಾಗ ಅಯ್ಯನವರು ಹೆಸರೇನೆಂದು ಕೇಳಿದರು. "ಇನ್ನೂ ಕೂಗಿಲ್ರಿ," ಎಂದರು ಇವರು. ಆಮೇಲೆ ನಮಗೆ ಮಕ್ಕಳಾಗಲಿಲ್ಲ.

ಕೆಲವು ವರ್ಷಗಳ ಮೇಲೆ ಚಸ್ಮಾ ರಿಪೇರಿಗೆ ಬಂದ ದೇವಿದಾಸ ಮಾಸ್ತರರು ಒಂದು ಮಾತು ಹೇಳಿಹೋದರು. ಮಂಗಳ, ಗುರು ಗ್ರಹಗಳ ನಡುವೆ ಸಾವಿರಾರು ಕಲ್ಲುಬಂಡೆಗಳು ಸೂರ್ಯನನ್ನು ಸುತ್ತುತ್ತವಂತೆ. ಸ್ವಂತ ಬೆಳಕಿಲ್ಲ. ಹೊಸದನ್ನು ಮೊದಲು ಕಂಡವರು ಅದಕ್ಕೆ ಹೆಸರಿಡಬಹುದಂತೆ.

ಇವರು ತಗಡಿನ ಕೊಳವೆಗೆ ಗಾಜು ಕೂರಿಸಿ ದುರ್ಬೀನು ಮಾಡಿದರು. ಅಂಗಡಿ ಮುಚ್ಚಿದೊಡನೆ ಮಾಳಿಗೆ. ಕಂಡ ಚುಕ್ಕೆಗಳನ್ನೆಲ್ಲ ಇದ್ದಿಲಿನಿಂದ ಗೋಡೆಗೆ ಇಳಿಸುತ್ತಿದ್ದರು. ಹಬ್ಬಕ್ಕೆ ಬಂದ ಸೂಗಮ್ಮ ಆ ಗೋಡೆ ನೋಡಿ, "ಅಣ್ಣಾ, ಮಣ್ಣಾಗಿಟ್ಟ ಕೂಸಿನ್ನ ಮುಗಿಲಾಗ ಹುಡುಕಾಕತ್ತಿ ಏನು?" ಎಂದಳು. ಇವರು ಗೋಡೆಗೆ ಇನ್ನೊಂದು ಚುಕ್ಕೆ ಇಳಿಸಿದರು.

ಒಂದು ಚಳಿಗಾಲ ಒಂದು ಚುಕ್ಕೆ ಸರಿಯಿತು. ಉಳಿದವು ಇದ್ದಲ್ಲೇ, ಅದೊಂದೇ ದಿನದಿನಕ್ಕೆ ಇಷ್ಟಿಷ್ಟೇ ಪಕ್ಕಕ್ಕೆ. ಸೂಗಮ್ಮನಿಗೆ ಬರಹೇಳಿ ಕಳಿಸಿದರು, ನನಗೆ ಗುಗ್ಗರಿಗೆ ಕಡಲೆ ನೆನೆಹಾಕು ಅಂದರು.

ಮಾಸ್ತರರು ಬಂದು ನೋಡಿದರು, ಪುಸ್ತಕ ತಿರುವಿದರು, ಒಂದು ಪುಟದ ಮೇಲೆ ಬೆರಳಿಟ್ಟರು.

"ಇದಕ್ಕ ಹೆಸರು ಅದರಿ, ಮಹಾರುದ್ರಪ್ಪನೋರ. ನೂರೈವತ್ತು ವರ್ಷದ ಹಿಂದೆ ಜರ್ಮನಿ ಡಾಕ್ಟರ್ ಒಬ್ಬಾಂವ ಕಂಡಾನ. ಒಲಿ ಕಾಯೋ ದೇವಿ ಹೆಸರಿಟ್ಟಾರ."

"ಸಣ್ಣದೊಂದು ಉಳಿದಿರಬೇಕಲ್ರಿ?"

"ಉಳದಾವ್ರಿ. ಆದ್ರ ಆ ಕಲ್ಲುಗೋಳೊಳಗೆಲ್ಲ ಇದೇ ಭಾಳ ಹೊಳಿಯೂದು. ಹೆಸರಿಲ್ಲದವು ನಿಮ್ಮ ಗಾಜಿಗೆ ಕಾಣಂಗಿಲ್ರಿ."

ಮಾಸ್ತರರು ಇಳಿದುಹೋದರು. ಇವರು ಕೆಳಗೆ ಬಂದು, ತೊಟ್ಟಿಲು ಕಟ್ಟಬೇಕಿದ್ದ ತೊಲೆಯ ಕೆಳಗೆ ಕುಳಿತರು.

"ಸೂಗವ್ವ, ನೀನರ ಕೂಗು."

ಅವಳು ನನ್ನ ಮುಖ ನೋಡಿದಳು. ಸೆರಗು ಬಿಗಿದು, ಬರಿ ನೆಲಕ್ಕೆ ಬಾಗಿ, "ನೀಲಾಂಬಿಕಾ" ಎಂದು ಕೂಗಿದಳು. ಬಾಗಿದವಳು ಏಳಲಿಲ್ಲ. ಗುದ್ದುವವಳು ನಾನೊಬ್ಬಳೇ. ಮೆಲ್ಲಗೆ ಕೈ ಇಟ್ಟೆ.

"ಜೋರ್ಲೆ ಗುದ್ದು ವೈನಿ," ಎಂದಳು ನೆಲ ನೋಡುತ್ತಲೇ. "ಕೂಸಿಗೆ ಕೇಳ್ಸಬೇಕು."

ಗುದ್ದಿದೆ. ಅವಳು ಮತ್ತೆ ಕೂಗಿದಳು, ನಾನು ಮತ್ತೆ ಗುದ್ದಿದೆ.

ಮರುದಿನ ಸಂಜೆ ಇವರು ಮತ್ತೆ ಮಾಳಿಗೆ ಹತ್ತಿದರು. ಕಣ್ಣಿಗೆ ಪೊರೆ ಬರುವ ತನಕ ಹತ್ತಿದರು. ನೆನೆದ ಕಡಲೆಯನ್ನು ನಾನು ಆ ಸಂಜೆಯೇ ಎಮ್ಮೆಗೆ ಹಾಕಿದ್ದೆ.