ದಕ್ಕಿತು ಕಣೇ

ಮೊನ್ನೆ ಮೊಮ್ಮಗಳು ನನ್ನ ಹೆಗಲ ಮೇಲೆ ಹಾಲು ಕಕ್ಕಿದಳು. ಆ ಹುಳಿ ವಾಸನೆ ಮೂಗಿಗೆ ಬಿದ್ದದ್ದೇ ತಡ, ಕಾಮಾಕ್ಷಿಪಾಳ್ಯದ ವಠಾರದ ಆ ಬಾಣಂತಿ ಕಣ್ಮುಂದೆ ಬಂದು ನಿಂತಳು…

ಎಂಬತ್ತಮೂರೋ ಎಂಬತ್ನಾಲ್ಕೋ ಇರಬೇಕು. ಗೋಡೆಯಾಚೆಯೇ ಅವಳ ಮನೆ. ತವರಲ್ಲಿ ತಾಯಿ ಇರಲಿಲ್ಲ, ಬಾಣಂತನ ಅತ್ತೆಯದೇ. ಗಂಡುಮಗು. ಕುಡಿದ ಹಾಲೆಲ್ಲ ವಾಂತಿ. ವಾರದೊಳಗೆ ಕಣ್ಣು ಹಳದಿಯಾಯಿತು. ಅತ್ತೆ ಅವಳ ಎದೆಹಾಲನ್ನು ಒಳಲೆಗೆ ಹಿಂಡಿಸಿ ಅದರೊಳಗೊಂದು ಇರುವೆ ಬಿಟ್ಟಳು. ಇರುವೆ ಸತ್ತಿತು. ಇವಳ ಹಾಲೇ ವಿಷ ಅಂತ ವಠಾರಕ್ಕೆಲ್ಲ ಡಂಗುರವಾಯಿತು. ಇರುವೆ ಯಾರ ಹಾಲಲ್ಲಿ ಬಿದ್ದರೂ ಮುಳುಗಿ ಸಾಯುತ್ತೆ ಅನ್ನುವಷ್ಟು ಬುದ್ಧಿ ನಮಗೆಲ್ಲ ಇತ್ತು. ಒಬ್ಬಳೂ ಬಾಯಿ ಬಿಡಲಿಲ್ಲ.

ನನ್ನ ಮಗಳಿಗೂ ಆಗ ನಾಲ್ಕು ತಿಂಗಳು. ಒಂದಿನ ಬಾಣಂತಿಯ ಅತ್ತೆ ಹಾಲಿನ ಬೂತಿಗೆ ಹೋದ ಹೊತ್ತಿಗೆ ಅವಳು ಕೂಸನ್ನು ತಂದು ನನ್ನ ಮಡಿಲಿಗೆ ಹಾಕಿ, ನೀವು ಕುಡಿಸಿ ನೋಡಿ ಅಂತ ಬೇಡಿಕೊಂಡಳು. ಎದೆಗೆ ಹಚ್ಚಿಕೊಂಡೆ. ಪಾಪದ್ದು, ಗಟಗಟ ಕುಡಿಯಿತು. ಅವಳು ನನಗೆ ಬೆನ್ನು ಮಾಡಿ ಬಾಗಿಲಲ್ಲಿ ಕಾವಲು ನಿಂತಿದ್ದಳು. ಆಗಲೇ ಕೂಸು ಅಷ್ಟನ್ನೂ ನನ್ನ ಸೆರಗಿನ ಮೇಲೆ ಕಕ್ಕಿತು. ಸೆರಗು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ದಕ್ಕಿತಾ ಅಕ್ಕ?" ಅಂತ ಅವಳು ತಿರುಗಿದಳು.

"ದಕ್ಕಿತು ಕಣೇ," ಅಂದೆ.

ಈ ಬಾಯಿ ಆವಾಗಲೇ ಬಿದ್ದುಹೋಗಬಾರದಿತ್ತೇ! ನಿಜ ಹೇಳಿದ್ದರೆ ನಾಳೆ ನನ್ನ ಹಾಲಿಗೂ ಇರುವೆ ಬಿಡುತ್ತಿದ್ದರು. ನನಗೂ ಒಬ್ಬಳು ಅತ್ತೆ ಇದ್ದಳಲ್ಲ… ಬಾಣಂತಿಯ ಮುಖ ಇಳಿದುಹೋಯಿತು. ಅಲ್ಲಿಯವರೆಗೆ ಅತ್ತೆಯ ಮಾತನ್ನು ನಂಬದಿದ್ದವಳು ನನ್ನ ಮಾತನ್ನು ನಂಬಿದಳು. ಮನೆಗೆ ಹೋಗಿ ತಾನೇ ಎದೆಗೆ ಬಟ್ಟೆ ಬಿಗಿದು ಕಟ್ಟಿಕೊಂಡಳು. ಆಮೇಲೆ ಹಸುವಿನ ಹಾಲು ಹಾಕಿದರು. ಹದಿನೈದನೇ ದಿನ, ಮಗುವೂ ದಕ್ಕಲಿಲ್ಲ.

ತಿಂಗಳು ತುಂಬುವ ಮೊದಲೇ ಟ್ರಂಕಿನ ಸಮೇತ ಅವಳನ್ನು ಅಣ್ಣನ ಮನೆಗೆ ಅಟ್ಟಿದರು. ಹೊರಡುವಾಗ ನನ್ನ ಕೈ ಹಿಡಿದುಕೊಂಡು, "ಒಂದು ಹೊತ್ತಾದ್ರೂ ಅವನ ಹೊಟ್ಟೆ ತುಂಬಿಸಿದ್ರಿ ಅಕ್ಕ," ಅಂದಳು.

ಮೊಮ್ಮಗಳ ಹಿಮ್ಮಡಿ ಚುಚ್ಚಿ ತೆಗೆದಿದ್ದ ರಕ್ತದ ರಿಪೋರ್ಟು ನಿನ್ನೆ ಬಂತು. ಎಲ್ಲ ಸರಿ ಇದೆಯಂತೆ. ಇದೇನು ಪರೀಕ್ಷೆ ಅಂತ ಡಾಕ್ಟರನ್ನು ಕೇಳಿದೆ. ಅಪರೂಪಕ್ಕೆ ಕೆಲವು ಕೂಸುಗಳಿಗೆ ಹಾಲಿನ ಸಕ್ಕರೆ ಅರಗಿಸುವ ಒಂದು ಕಿಣ್ವ ಹುಟ್ಟಿನಿಂದಲೇ ಇರಲ್ಲ, ಅವಕ್ಕೆ ಯಾರ ಹಾಲೂ ಆಗಲ್ಲ, ಹಾಲು ಬಿಡಿಸಿ ಸೋಯಾ ಪುಡಿ ಕೊಟ್ಟರೆ ಬದುಕುತ್ತವೆ ಅಂದರು.

ಯಾರ ಹಾಲೂ… ಅದಕ್ಕೆ ಸಾಕ್ಷಿ ನನ್ನ ಸೆರಗಿನಲ್ಲೇ ಇತ್ತು, ಅವತ್ತೇ ಒಗೆದು ಒಣಹಾಕಿದ್ದೆ. ಅವಳೀಗ ಎಲ್ಲಿದ್ದಾಳೋ ಗೊತ್ತಿಲ್ಲ. ಬದುಕಿದ್ದರೆ, ತನ್ನ ಹಾಲೇ ಮಗುವನ್ನು ಕೊಂದಿತು ಅಂತ ಇವತ್ತಿಗೂ ನಂಬಿಕೊಂಡಿರುತ್ತಾಳೆ.